ಬೇಸಿಗೆಯಲ್ಲಿ ಕಾರು ತಣ್ಣಗಿರಲು: ನೆರಳಿನಿಂದ ಗ್ಯಾಸ್‌ವರೆಗೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತೆಂದರೆ ನಮ್ಮ ಕಲಬುರಗಿಯಲ್ಲಿ ಬೇಸಿಗೆ ಬಂತೆಂದೇ ಲೆಕ್ಕ. ಯುಗಾದಿ ಹೊತ್ತಿಗೆ ಕಾರಿನ ಏಸಿ ಅಂಗಡಿಗಳ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಎಲ್ಲರದೂ ಒಂದೇ ಮಾತು: "ಕೂಲಿಂಗ್ ಇಲ್ರಿ, ಗ್ಯಾಸ್ ಹಾಕ್ರಿ." ನಾನೂ ಎರಡು ಬೇಸಿಗೆ ಅದೇ ಮಾತು ಹೇಳಿ, ಎರಡು ಸಲ ದುಡ್ಡು ಕೊಟ್ಟು ಗ್ಯಾಸ್ ತುಂಬಿಸಿಕೊಂಡು ಬಂದೆ. ಮೂರನೇ ವರ್ಷ ಬೇರೊಬ್ಬ ಮೆಕ್ಯಾನಿಕ್ ಮುಂದಿನ ಬಂಪರ್ ಬಿಚ್ಚಿ, ಕಂಡೆನ್ಸರ್ ಎಂಬ ಏಸಿ ಜಾಲರಿಯ ಕೆಳಮೂಲೆಯಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದ ಒಂದು ಕಲೆ ತೋರಿಸಿದರು. ಮುಂದೆ ಹೋಗುವ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. "ಗ್ಯಾಸಂದ್ರ ಪೆಟ್ರೋಲ್ ಅಲ್ರಿ ಸರ, ಸುಟ್ಟು ಖಾಲಿ ಆಗ್ಲಿಕ್ಕ. ಕಮ್ಮಿ ಆಗ್ಯದ ಅಂದ್ರ ಎಲ್ಲೋ ಸೋರ್ಲತ್ತದ ಅಂತ ತಿಳೀರಿ" ಎಂದರು.

ಆ ಮಾತಿನ ಮೇಲೆ ನಾನು ಏಸಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಕೂತೆ. ಆಮೇಲಿನ ಬೇಸಿಗೆಗಳು ನೆಮ್ಮದಿಯಾಗಿ ಕಳೆದಿವೆ. ಕಲಿತದ್ದನ್ನು ಮಾಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಸಾಧ್ಯವಾದರೆ ಇದನ್ನೆಲ್ಲ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಮೇ ತಿಂಗಳಲ್ಲಿ ಯಾವ ಅಂಗಡಿಯವರಿಗೂ ನಿಮ್ಮ ಗಾಡಿಯನ್ನು ನಿಧಾನವಾಗಿ ನೋಡುವ ಪುರುಸೊತ್ತು ಇರುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಮಣ್ಣಿನ ಗಡಿಗೆಯ ನೀರು ಹೇಗೆ ತಣ್ಣಗಾಗುತ್ತದೆ ಯೋಚಿಸಿ. ಗಡಿಗೆಯ ಮೈಯಿಂದ ಜಿನುಗುವ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಕಾರಿನ ಏಸಿಯಲ್ಲೂ ಅಷ್ಟೇ. ಡ್ಯಾಶ್‌ಬೋರ್ಡಿನ ಹಿಂದೆ ಇವ್ಯಾಪೊರೇಟರ್ ಎಂಬ ಚಿಕ್ಕ ಜಾಲರಿ ಇದೆ. ಅದರೊಳಗೆ ಗ್ಯಾಸು ದ್ರವದಿಂದ ಆವಿಯಾಗುತ್ತ ಕಾರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಗ್ಯಾಸನ್ನು ಮತ್ತೆ ದ್ರವ ಮಾಡುತ್ತದೆ. ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಅಂದರೆ ಏಸಿ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಕೂಲಿ. ಒಳಗೆ ಎಷ್ಟು ಬಿಸಿ ತುಂಬಿಸುತ್ತೀರಿ, ಹೊರಗೆ ಹಾಕುವ ದಾರಿ ಎಷ್ಟು ಸಲೀಸಾಗಿದೆ ಎನ್ನುವುದರ ಮೇಲೆ ಅದರ ಕೆಲಸ ನಿಂತಿದೆ.

1. ನಿಲ್ಲಿಸುವ ಜಾಗ ನೋಡಿ

2018ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಕಾರುಗಳನ್ನು ಬಿಸಿಲಲ್ಲಿ, ನೆರಳಲ್ಲಿ ನಿಲ್ಲಿಸಿ ಅಳೆದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಸ್ಟೇರಿಂಗ್ 53, ಸೀಟು 51, ಡ್ಯಾಶ್‌ಬೋರ್ಡ್ 69. ನೆರಳಲ್ಲಿದ್ದ ಕಾರಿನಲ್ಲಿ ಗಾಳಿ 38, ಡ್ಯಾಶ್‌ಬೋರ್ಡ್ 48. ನೆರಳೊಂದೇ ಡ್ಯಾಶ್‌ಬೋರ್ಡಿನಿಂದ 21 ಡಿಗ್ರಿ ಇಳಿಸಿತು. ಗಾಳಿಗಿಂತ ಡ್ಯಾಶ್‌ಬೋರ್ಡು, ಸೀಟು, ಬಾಗಿಲಿನ ಪ್ಲಾಸ್ಟಿಕ್ಕು ಇವೇ ಬಿಸಿಯ ಉಗ್ರಾಣ. ಬಿಸಿ ಗಾಳಿಯನ್ನು ಒಂದು ನಿಮಿಷದಲ್ಲಿ ಹೊರಗೆ ಹಾಕಬಹುದು, ಆದರೆ ಕಾದ ಪ್ಲಾಸ್ಟಿಕ್ಕು ಮತ್ತೆ ಮತ್ತೆ ಗಾಳಿಯನ್ನು ಕಾಯಿಸುತ್ತಲೇ ಇರುತ್ತದೆ. ಕಾರು ಹತ್ತಿ ಇಪ್ಪತ್ತು ನಿಮಿಷವಾದರೂ ಏಸಿ ಏದುಸಿರು ಬಿಡುವುದು ಇದಕ್ಕೇ.

ನೆರಳು ಹುಡುಕುವಾಗ ನಮ್ಮಲ್ಲಿ ಬಹಳ ಮಂದಿ ತಪ್ಪುವುದು ಒಂದೇ ಕಡೆ: ನಿಲ್ಲಿಸುವ ಹೊತ್ತಿನ ನೆರಳನ್ನು ನೋಡುತ್ತಾರೆ. ನೋಡಬೇಕಾದದ್ದು ವಾಪಸ್ ಬರುವ ಹೊತ್ತಿನ ನೆರಳು. ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಪಶ್ಚಿಮದ ಗೋಡೆಗೆ ಒಳ್ಳೆಯ ನೆರಳಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಅದೇ ಜಾಗ ಬಾಣಲೆ. ಇಡೀ ದಿನ ನಿಲ್ಲಿಸುವವರು ಕಟ್ಟಡದ ಪೂರ್ವಕ್ಕೆ ನಿಲ್ಲಿಸಿದರೆ ಬೆಳಗಿನ ಎಳೆಬಿಸಿಲು ಬಿದ್ದರೂ ಸಂಜೆ ಹೊರಡುವಾಗ ಕಾರು ನೆರಳಲ್ಲಿರುತ್ತದೆ. ನಡುಮಧ್ಯಾಹ್ನಕ್ಕೆ ಮಾತ್ರ ಗೋಡೆಯನ್ನು ನಂಬಬೇಡಿ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ, ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ಆಗ ನೆರಳಿರುವುದಿಲ್ಲ. ಆ ಹೊತ್ತಿಗೆ ಬೇಕಾದದ್ದು ಸೂರು ಇಲ್ಲವೇ ಮರ.

ಮರದಲ್ಲೂ ಆಯ್ಕೆ ಇದೆ. ಹೊಂಗೆ ನೆರಳು ತಾಯಿ ಮಡಿಲು ಎಂದು ಹಿರಿಯರು ಹೇಳಿದ್ದು ಮನುಷ್ಯರಿಗೆ, ಆದರೆ ಕಾರಿಗೂ ಅದು ಸಲ್ಲುತ್ತದೆ. ಬಿರುಬೇಸಿಗೆಯಲ್ಲೇ ಹೊಂಗೆ ಹೊಸ ಎಲೆ ಹೊದ್ದು ದಟ್ಟವಾಗಿರುತ್ತದೆ. ನಮ್ಮ ಕಡೆ ಬೇವೂ ಬೇಕಾದಷ್ಟಿದೆ. ತೆಂಗಿನ ಮರದ ಕೆಳಗೆ ಬೇಡವೇ ಬೇಡ, ಒಂದು ಕಾಯಿ ಬಿದ್ದರೆ ಮುಂದಿನ ಗಾಜು ಹೋಯಿತು. ಬೆಂಗಳೂರಿನವರು ಏಪ್ರಿಲ್, ಮೇ ಸಂಜೆಗಳಲ್ಲಿ ಹಳೆಯ ಮಳೆಮರ, ಗುಲ್‌ಮೊಹರ್‌ಗಳ ಕೆಳಗೆ ನಿಲ್ಲಿಸುವ ಮುನ್ನ ಒಮ್ಮೆ ಮೇಲೆ ನೋಡಿ. ಮುಂಗಾರು ಪೂರ್ವದ ಗಾಳಿಮಳೆಗೆ ಕೊಂಬೆ ಮುರಿಯುವುದು ಅಲ್ಲಿ ಪ್ರತಿವರ್ಷದ ಮಾತು. ಹಕ್ಕಿ ಹಿಕ್ಕೆ, ಮರದ ಅಂಟು ಬಿದ್ದರೆ ಅದೇ ದಿನ ಒದ್ದೆ ಬಟ್ಟೆ ಹಾಸಿ ನೆನೆಸಿ ತೆಗೆಯಿರಿ. ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ.

ನೆರಳು ಸಿಗಲೇ ಇಲ್ಲವೇ? ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿಬಣ್ಣದ ಸನ್‌ಶೇಡ್ ಹಾಕಿ. ಕಾರಿನ ಅತಿ ದೊಡ್ಡ ಗಾಜು, ಅತಿ ಓರೆಯಾಗಿ ಆಕಾಶಕ್ಕೆ ಮುಖ ಮಾಡಿದ ಗಾಜು ಅದೇ. ಹೊಳೆಯುವ ಮೈ ಗಾಜಿನ ಕಡೆಗಿರಬೇಕು, ಗಾಜಿಗೆ ಒತ್ತಿಕೊಂಡಿರಬೇಕು. ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಮೇಲೆ ತಿಳಿಬಣ್ಣದ ದೊಡ್ಡ ಟವೆಲ್ ಹಾಸಿ, ಸ್ಟೇರಿಂಗ್ ಮೇಲೆ ಇನ್ನೊಂದು ಹಾಕಿ. ನಮ್ಮಲ್ಲಿ ಮಗಳ ಸೀಟಿಗೂ ಒಂದು ಬಿಳಿ ಬಟ್ಟೆ ಇದೆ. ಒಂದು ಮಧ್ಯಾಹ್ನ ಸೀಟ್‌ಬೆಲ್ಟಿನ ಲೋಹದ ಕೊಂಡಿ ತೊಡೆಗೆ ತಗುಲಿ ಅವಳು ಕಿರುಚಿದ್ದು ಇನ್ನೂ ಮರೆತಿಲ್ಲ. ಅಂದಿನಿಂದ ಕಾರು ನಿಲ್ಲಿಸಿದ ಕೂಡಲೇ ಕೊಂಡಿಗಳನ್ನು ಬಟ್ಟೆಯ ಕೆಳಗೆ ಮುಚ್ಚಿಡುವುದು ಮನೆಯವರೆಲ್ಲರ ಅಭ್ಯಾಸವಾಗಿದೆ.

ಬಣ್ಣದ ವಿಷಯ. ಹೊಸ ಕಾರು ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಕಾರನ್ನೂ ಬೆಳ್ಳಿಬಣ್ಣದ ಕಾರನ್ನೂ ಬಿಸಿಲಲ್ಲಿ ನಿಲ್ಲಿಸಿ ನೋಡಿದಾಗ ಬೆಳ್ಳಿಬಣ್ಣದ್ದರ ಒಳಗೆ 5ರಿಂದ 6 ಡಿಗ್ರಿ ಕಡಿಮೆ ಇತ್ತು. ಕಲ್ಯಾಣ ಕರ್ನಾಟಕದ ರಸ್ತೆಗಳಲ್ಲಿ ಬಿಳಿ ಕಾರುಗಳೇ ಕಣ್ಣಿಗೆ ಬಿದ್ದರೆ ನನಗಂತೂ ಅಚ್ಚರಿಯಿಲ್ಲ.

2. ಫಿಲ್ಮ್ ಅಂಟಿಸುವ ಮುನ್ನ

ಕಪ್ಪು ಫಿಲ್ಮ್ ಅಂಟಿಸಿದರೆ ಬಿಸಿ ಕಡಿಮೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50ರಷ್ಟು ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್‌ಗೆ ತಡೆ ಹಾಕಿದ ಮೇಲೆ ಪೊಲೀಸರು ರಸ್ತೆಯಲ್ಲೇ ನಿಲ್ಲಿಸಿ ಕೀಳಿಸುತ್ತಿದ್ದುದು ನೆನಪಿರಬಹುದು. ಕಣ್ಣಿಗೆ ಕಪ್ಪಗೆ ಕಾಣುವುದಕ್ಕೂ ಬಿಸಿ ತಡೆಯುವುದಕ್ಕೂ ನೇರ ಸಂಬಂಧವೂ ಇಲ್ಲ. ಸೂರ್ಯನ ಶಾಖದ ಅರ್ಧದಷ್ಟು ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಲ್ಲಿ ಬರುತ್ತದೆ. ಆದ್ದರಿಂದ ನಾನು ಕೊಡುವ ಸಲಹೆ ಇಷ್ಟೇ: ನಿಂತ ಕಾರಿಗೆ ಪಕ್ಕದ ಗಾಜುಗಳಿಗೂ ಜಾಲರಿ ಪರದೆ ಹಾಕಿ, ಹೊರಡುವಾಗ ತೆಗೆದುಬಿಡಿ. ಚಾಲಕನ ಪಕ್ಕದ ಗಾಜಿಗೆ ಪರದೆ ಹಾಕಿಕೊಂಡು ಓಡಿಸುವುದು ಕಾನೂನಿಗಿಂತ ಮೊದಲು ನಿಮ್ಮ ಜೀವಕ್ಕೆ ಕೆಟ್ಟದ್ದು.

3. ಕಾದ ಕಾರು ಹತ್ತುವಾಗ: ಮೊದಲ ಐದು ನಿಮಿಷ

ಬಾಗಿಲು ತೆಗೆದು ಕೂತು, ಗಾಜು ಮುಚ್ಚಿ, ಏಸಿ ಪೂರ್ತಿ ತಿರುಗಿಸಿ, ಬೆವರು ಒರೆಸುತ್ತ ಕಾಯುವುದು ಬೇಡ. ಆ ಹೊತ್ತಿಗೆ ಹೊರಗಿನ ಗಾಳಿಯೇ ಒಳಗಿಗಿಂತ ತಂಪು.

ಮೊದಲು ಎಡಬದಿಯ ಒಂದು ಗಾಜು ಪೂರ್ತಿ ಇಳಿಸಿ. ಬಲಕ್ಕೆ ಬಂದು ಚಾಲಕನ ಬಾಗಿಲನ್ನು ಐದಾರು ಸಲ ತೆರೆದು ಮುಚ್ಚಿ, ಬೀಸಣಿಗೆ ಬೀಸಿದ ಹಾಗೆ. ಜೋರಾಗಿ ಬಡಿಯುವುದು ಬೇಕಿಲ್ಲ. ಪ್ರತಿ ಸಲವೂ ಬಾಗಿಲು ಬಿಸಿ ಗಾಳಿಯನ್ನು ಎಳೆದು ಹೊರಹಾಕುತ್ತದೆ, ಆ ಕಡೆಯ ಕಿಟಕಿಯಿಂದ ಹೊರಗಾಳಿ ನುಗ್ಗುತ್ತದೆ. ಜಪಾನಿನ ವಾಹನ ಬಳಕೆದಾರರ ಒಕ್ಕೂಟ ಜಾಫ್ ಇದನ್ನು ಅಳೆದು ನೋಡಿದೆ. 55 ಡಿಗ್ರಿ ಇದ್ದ ಕಾರಿನೊಳಗೆ ಬಾಗಿಲು ಬೀಸಿದ ಮಾತ್ರಕ್ಕೆ 47.5ಕ್ಕೆ ಇಳಿಯಿತು. ಅವರ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಕಿಟಕಿಗಳನ್ನೆಲ್ಲ ತೆರೆದು, ಏಸಿಯನ್ನು ಹೊರಗಾಳಿಯಲ್ಲಿಟ್ಟು ಓಡಿಸಲು ಶುರು ಮಾಡಿ, ಆಮೇಲೆ ಕಿಟಕಿ ಮುಚ್ಚಿ ಒಳಗಾಳಿಗೆ ಬದಲಾಯಿಸುವ ವಿಧಾನ. ಐದು ನಿಮಿಷದಲ್ಲಿ 28 ಡಿಗ್ರಿಗೆ ಬಂದಿತ್ತು.

ನೀವೂ ಹಾಗೇ ಮಾಡಿ. ನಾಲ್ಕೂ ಗಾಜು ಇಳಿಸಿ, ಏಸಿ ಹಾಕಿ, ಬ್ಲೋವರ್ ಪೂರ್ತಿ, ಹೊರಗಾಳಿ ಬರುವ ಸ್ಥಿತಿಯಲ್ಲಿಟ್ಟು ಹೊರಡಿ. ನಿಂತ ಕಾರಿಗಿಂತ ಓಡುವ ಕಾರಿನ ಕಂಡೆನ್ಸರಿಗೆ ಗಾಳಿ ಚೆನ್ನಾಗಿ ತಾಗುತ್ತದೆ, ಕಂಪ್ರೆಸರೂ ಚುರುಕಾಗಿ ತಿರುಗುತ್ತದೆ. ಒಂದೆರಡು ನಿಮಿಷದ ಮೇಲೆ, ಏಸಿ ಕಿಂಡಿಯ ಗಾಳಿ ತಣ್ಣಗಾಯಿತು ಅನ್ನಿಸಿದಾಗ ಗಾಜು ಏರಿಸಿ, ಕಾರಿನೊಳಗೆ ಬಾಣ ಸುತ್ತುವ ಚಿತ್ರದ ಒಳಗಾಳಿ ಬಟನ್ ಒತ್ತಿ. ಈಗ ಆಗಲೇ ತಂಪಾದ ಗಾಳಿಯೇ ಮತ್ತೆ ಮತ್ತೆ ತಂಪಾಗುತ್ತದೆ. ಬೇಸಿಗೆಯಲ್ಲಿ ಈ ಬಟನ್ ಹಾಕದೆ ಓಡಿಸುವವರನ್ನು ನಾನು ಬಹಳ ನೋಡಿದ್ದೇನೆ. ಅವರ ಏಸಿ ಕಲಬುರಗಿಯ 42 ಡಿಗ್ರಿ ಗಾಳಿಯನ್ನು ಹೊಸದಾಗಿ ಎಳೆದುಕೊಂಡು ಹೊಸದಾಗಿ ತಣಿಸುತ್ತಲೇ ಇರುತ್ತದೆ.

ಒಣಬಿಸಿಲಿನ ಊರುಗಳಲ್ಲಿ ಇನ್ನೊಂದು ಸುಲಭದ ಉಪಾಯ: ಹಿಂಡಿದ ಒದ್ದೆ ಬಟ್ಟೆಯಿಂದ ಸ್ಟೇರಿಂಗ್, ಗೇರ್, ಸೀಟು ಒರೆಸಿ. ಅದೇ ಗಡಿಗೆಯ ವಿದ್ಯೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಇದರಿಂದ ಅಷ್ಟು ಪ್ರಯೋಜನವಿಲ್ಲ. ಕಾದ ಮುಂದಿನ ಗಾಜಿಗೆ ತಣ್ಣೀರು ಎರಚುವುದು ಮಾತ್ರ ಬೇಡ. ಗಾಜಿನಲ್ಲಿ ಕಲ್ಲು ತಾಗಿದ ಸಣ್ಣ ಕಚ್ಚು ಇದ್ದರೆ ಅಲ್ಲಿಂದ ಬಿರುಕು ಓಡುತ್ತದೆ.

4. ಓಡಿಸುವಾಗ

ಏಸಿ ಕಿಂಡಿಗಳನ್ನು ಎದೆಗೆ ಮುಖ ಮಾಡಿ ಇಡಬೇಡಿ, ತುಸು ಮೇಲಕ್ಕೆ ತಿರುಗಿಸಿ. ತಣ್ಣನೆಯ ಗಾಳಿ ಭಾರ, ಮೇಲಿನಿಂದ ತಾನೇ ಇಳಿಯುತ್ತ ಹಿಂದಿನ ಸೀಟಿನವರಿಗೂ ತಲುಪುತ್ತದೆ. ತಿರುಗಿಸುವ ಗುಂಡಿಯಿರುವ ಕಾರಾದರೆ ಅದು ನೀಲಿಯ ಕೊನೆಯಲ್ಲೇ ಇರಲಿ, ಚಳಿ ಹೆಚ್ಚಾದರೆ ಬ್ಲೋವರ್ ಕಡಿಮೆ ಮಾಡಿ. ನೀಲಿಯಿಂದ ಈಚೆ ತಂದರೆ ಬಹಳಷ್ಟು ಕಾರುಗಳು ತಣಿಸಿದ ಗಾಳಿಗೆ ಹೀಟರಿನ ಬಿಸಿ ಬೆರೆಸಿ ಹದ ಮಾಡುತ್ತವೆ. ಆಟೋಮ್ಯಾಟಿಕ್ ಏಸಿ ಇರುವವರು 24ಕ್ಕೋ 25ಕ್ಕೋ ಇಟ್ಟು ಅದರ ಪಾಡಿಗೆ ಬಿಡಿ.

ಒಳಗಾಳಿಯಲ್ಲೇ ಗಂಟೆಗಟ್ಟಲೆ ಹೋಗಬಾರದು. ನಾಲ್ಕೈದು ಜನ ಉಸಿರಾಡುವ ಮುಚ್ಚಿದ ಡಬ್ಬಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ, ತಲೆ ಭಾರವಾಗುತ್ತದೆ, ಕಣ್ಣು ಎಳೆಯುತ್ತದೆ. ಕಲಬುರಗಿಯಿಂದ ಬೆಂಗಳೂರಿನಂಥ ದೂರದ ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಹೊರಗಾಳಿಗೆ ತಿರುಗಿಸಿ. ಬಿಸಿಯು ಗಾಡಿ ಓಡಿಸುವವನ ಗಮನವನ್ನು ಹೇಗೆ ತಿನ್ನುತ್ತದೆ ಎಂದು ತಿಳಿದವರಿಗೆ, 2025ರಲ್ಲಿ ಹೊಸ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾದದ್ದು ಎಷ್ಟು ದೊಡ್ಡ ಸಮಾಧಾನ ಎಂದೂ ತಿಳಿದಿರುತ್ತದೆ.

ಊಟ ಮಾಡಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ಏಸಿಯಲ್ಲಿ ನಿದ್ದೆ ಹೋಗುವ ಅಭ್ಯಾಸ ಬಾಡಿಗೆ ಗಾಡಿಗಳ ಚಾಲಕರಲ್ಲಿ ಕೆಲವರಿಗಿದೆ. ದಯವಿಟ್ಟು ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಸೇರಿದರೆ ಮಲಗಿದವರು ಏಳುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಚಾಲೂ ಇಡಲೇಬಾರದು.

ಗುರಿ ತಲುಪುವ ಎರಡು ಮೂರು ನಿಮಿಷ ಮುಂಚೆ ಏಸಿ ಬಟನ್ ಆರಿಸಿ ಬ್ಲೋವರ್ ಮಾತ್ರ ಓಡಲಿ. ಇವ್ಯಾಪೊರೇಟರ್ ಮೇಲಿನ ತೇವ ಒಣಗುತ್ತದೆ. ಒಣಗದಿದ್ದರೆ ಅಲ್ಲಿ ಬೂಷ್ಟು ಹಿಡಿದು, ಮರುದಿನ ಏಸಿ ಹಾಕಿದಾಗ ಒದ್ದೆ ಸಾಕ್ಸಿನ ವಾಸನೆ ಬರುತ್ತದೆ. ಕರಾವಳಿಯವರಿಗೆ ಇದು ಬಹಳ ಮುಖ್ಯ. ಅಲ್ಲಿ ಏಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯಲ್ಲಿನ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಅನುಕೂಲವಿದೆ. ಚಾರ್ಜಿಗೆ ಹಾಕಿರುವಾಗಲೇ ಫೋನಿನ ಆ್ಯಪ್‌ನಿಂದ ಏಸಿ ಹಾಕಿ ಕಾರು ತಣಿಸಿಕೊಂಡರೆ ಬ್ಯಾಟರಿಯ ಓಟ ಕಡಿಮೆಯಾಗುವುದಿಲ್ಲ.

5. ಮಕ್ಕಳು

ಇದನ್ನು ಓದದೆ ಮುಂದೆ ಹೋಗಬೇಡಿ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಗಿತ್ತು. ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ಗಾಜನ್ನು ಬೆರಳಷ್ಟು ಇಳಿಸಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. 22 ಡಿಗ್ರಿ ಎಂದರೆ ಬೆಂಗಳೂರಿನ ಹಿತವಾದ ಬೆಳಿಗ್ಗೆ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಹಾಲಿನ ಪೊಟ್ಟಣ ತರುವಷ್ಟು ಹೊತ್ತಿಗೂ ಮಗುವನ್ನು ಕಾರಿನಲ್ಲಿ ಬಿಡಬೇಡಿ.

ಇನ್ನೊಂದು ಅಪಾಯ ಮನೆಯಂಗಳದಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಬೀಗ ಹಾಕದ ಕಾರಿನೊಳಗೆ ಸೇರಿ, ಹೊರಬರಲಾಗದೆ ಸಿಕ್ಕಿಕೊಳ್ಳುತ್ತಾರೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದ್ದರೆ ಒಳಗಿನಿಂದ ತೆರೆಯುವುದೇ ಇಲ್ಲ. ಆದ್ದರಿಂದ ಕಾರು ಮನೆಯ ಕಾಂಪೌಂಡಿನಲ್ಲಿದ್ದರೂ ಬೀಗ ಹಾಕಿ, ಕೀ ಮಕ್ಕಳ ಕೈಗೆ ಸಿಗದಂತೆ ಇಡಿ. ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ದಾಟಿ ಬಾಗಿಲು ತೆರೆಯಲು, ಆಗದಿದ್ದರೆ ಹಾರ್ನ್ ಒತ್ತುತ್ತಲೇ ಇರಲು ಕಲಿಸಿ. ಬಹಳಷ್ಟು ಕಾರುಗಳಲ್ಲಿ ಕೀ ಇಲ್ಲದೆಯೂ ಹಾರ್ನ್ ಆಗುತ್ತದೆ. ನಿಮ್ಮದರಲ್ಲಿ ಆಗುತ್ತದೆಯೇ ಎಂದು ಇವತ್ತೇ ಮಗುವಿನ ಕೈಯಲ್ಲೇ ಒತ್ತಿಸಿ ನೋಡಿ.

ಲೈಟರ್, ಸೆಂಟಿನ ಸ್ಪ್ರೇ ಡಬ್ಬಿ, ಸ್ಯಾನಿಟೈಸರ್, ಪವರ್ ಬ್ಯಾಂಕ್, ಇನ್ಸುಲಿನ್‌ನಂಥ ಔಷಧಿ ಇವನ್ನೂ ನಿಂತ ಕಾರಿನಲ್ಲಿ ಬಿಡಬಾರದು.

6. ಮನೆಯಲ್ಲೇ ಮಾಡಬಹುದಾದ ಸೇವೆ

ಒಳಗೆ ಬರುವ ಗಾಳಿಯ ಧೂಳು ಹಿಡಿಯುವ ಕ್ಯಾಬಿನ್ ಫಿಲ್ಟರ್‌ನಿಂದ ಶುರು ಮಾಡಿ. ಹೆಚ್ಚಿನ ಕಾರುಗಳಲ್ಲಿ ಅದು ಎಡಬದಿಯ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸ್ ಖಾಲಿ ಮಾಡಿ, ಅದರ ಎರಡೂ ಪಕ್ಕವನ್ನು ಒಳಕ್ಕೆ ಒತ್ತಿದರೆ ಕೆಳಗೆ ಬಾಗುತ್ತದೆ. ಹಿಂದೆ ಕಾಣುವ ಪ್ಲಾಸ್ಟಿಕ್ ಮುಚ್ಚಳ ತೆಗೆದು ಫಿಲ್ಟರನ್ನು ಮೆಲ್ಲಗೆ ಎಳೆಯಿರಿ. ಮೇಲೆ ಒಂದು ಬಾಣ ಇರುತ್ತದೆ, ಅದು ಯಾವ ಕಡೆಗಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಇಲ್ಲವೇ 10,000ದಿಂದ 15,000 ಕಿಲೋಮೀಟರಿಗೊಮ್ಮೆ ಬದಲಿಸುವುದು ವಾಡಿಕೆ. ನಮ್ಮ ಕಡೆ ಆ ಲೆಕ್ಕ ನಡೆಯುವುದಿಲ್ಲ. ಕರಿಮಣ್ಣಿನ ಧೂಳು, ಸೇಡಂ, ಚಿತ್ತಾಪುರ ದಾರಿಯ ಸಿಮೆಂಟ್ ಧೂಳು, ಶಹಾಬಾದಿನ ಕಲ್ಲಿನ ಪುಡಿ ಎಲ್ಲ ಸೇರಿ ಆರು ತಿಂಗಳಿಗೇ ಫಿಲ್ಟರ್ ಕಂಬಳಿಯಂತಾಗುತ್ತದೆ. ನಾನು ಎರಡು ತಿಂಗಳಿಗೊಮ್ಮೆ ತೆಗೆದು ಕೊಡವುತ್ತೇನೆ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಕೆಲವು ಹಳೆಯ, ಕೆಳಹಂತದ ಮಾದರಿಗಳಲ್ಲಿ ಫಿಲ್ಟರೇ ಇರುವುದಿಲ್ಲ. ಅಂಥ ಕಾರಿನ ಇವ್ಯಾಪೊರೇಟರನ್ನೇ ಆಗಾಗ ಶುಚಿ ಮಾಡಿಸಬೇಕಾಗುತ್ತದೆ.

ಬಾನೆಟ್ ಎತ್ತಿ ಮುಂದಿನ ಗಾಜಿನ ಬುಡದ ಜಾಲರಿ ನೋಡಿ. ಹೊರಗಾಳಿ ಒಳಬರುವ ಬಾಯಿ ಅದು. ಮರದ ಕೆಳಗೆ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಒಣಗಿದ ಎಲೆ ತುಂಬಿರುತ್ತದೆ. ಕೈಯಿಂದಲೇ ಆರಿಸಿ.

ಆಮೇಲೆ ಕಂಡೆನ್ಸರ್. ಮುಂದಿನ ಗ್ರಿಲ್ಲಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಧೂಳು, ಹುಳ, ಮಣ್ಣು ಮೆತ್ತಿದ ಜಾಲರಿ ಕಾಣುತ್ತದೆ. ಬಿಸಿ ಹೊರಹೋಗುವ ಬಾಗಿಲೇ ಮುಚ್ಚಿದ್ದರೆ ಎಷ್ಟು ಗ್ಯಾಸ್ ತುಂಬಿಸಿ ಏನು ಬಂತು? ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮನೆಯ ಪೈಪಿನ ಸಾಧಾರಣ ಒತ್ತಡದ ನೀರನ್ನು ನೇರವಾಗಿ ಬಿಟ್ಟು ತೊಳೆಯಿರಿ. ವಾಟರ್ ವಾಶ್ ಅಂಗಡಿಯ ಜೋರು ಒತ್ತಡದ ಪಿಚಕಾರಿಯನ್ನು ಹತ್ತಿರ ಹಿಡಿದರೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಬಾಗಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಹೆಚ್ಚು ಖರ್ಚಿಲ್ಲದೆ ಹೆಚ್ಚು ಫಲ ಕೊಡುವ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್ ಡಬ್ಬಿಯ ಮಟ್ಟ ಕನಿಷ್ಠ, ಗರಿಷ್ಠ ಗೆರೆಗಳ ನಡುವೆ ಇದೆಯೇ ನೋಡಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಕೊನೆಗೆ ಒಂದು ಅಳತೆ. ಒಂದು ಸಣ್ಣ ಥರ್ಮಾಮೀಟರ್ ತಂದು, ಕಾರನ್ನು ಬಯಲ ನೆರಳಲ್ಲಿ ನಿಲ್ಲಿಸಿ, ಗಾಜು ಮುಚ್ಚಿ, ಒಳಗಾಳಿಯಲ್ಲಿ, ಪೂರ್ತಿ ನೀಲಿಗೆ ಇಟ್ಟು, ಆಕ್ಸಿಲರೇಟರನ್ನು ತುಸು ಒತ್ತಿ ಹಿಡಿದು ನಿಂತಲ್ಲೇ ಹತ್ತು ನಿಮಿಷ ಏಸಿ ಓಡಿಸಿ. ನಡುವಿನ ಕಿಂಡಿಯಲ್ಲಿ ಥರ್ಮಾಮೀಟರ್ ಇಡಿ. ಹೊರಗೆ 35 ಡಿಗ್ರಿ ಇರುವ ದಿನ ಒಳ್ಳೆಯ ಏಸಿ ಸುಮಾರು 7ರಿಂದ 12 ಡಿಗ್ರಿಯ ಗಾಳಿ ಕೊಡುತ್ತದೆ. ಹೊರಗೆ 42 ಇದ್ದರೆ ಇನ್ನೂ ಮೂರು ನಾಲ್ಕು ಡಿಗ್ರಿ ಏರಬಹುದು. ತಾರೀಕು, ಹೊರಗಿನ ಬಿಸಿ, ಕಿಂಡಿಯ ಬಿಸಿ ಮೂರನ್ನೂ ಬರೆದಿಟ್ಟುಕೊಳ್ಳಿ. ಬರುವ ವರ್ಷ ಅಂಗಡಿಯವರ ಮಾತಿನ ಜೊತೆ ನಿಮ್ಮ ಕೈಯಲ್ಲಿ ಒಂದು ಲೆಕ್ಕವೂ ಇರುತ್ತದೆ.

7. ಲಕ್ಷಣ ನೋಡಿ ರೋಗ ಹಿಡಿಯುವುದು

"ಕೂಲಿಂಗ್ ಇಲ್ಲ" ಎಂಬ ಒಂದೇ ದೂರಿನ ಹಿಂದೆ ಹತ್ತು ಕಾರಣಗಳಿರುತ್ತವೆ. ಯಾವಾಗ, ಹೇಗೆ ಎಂದು ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಹೆದ್ದಾರಿಯಲ್ಲಿ ತಣ್ಣಗೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ: ಇದು ಬೆಂಗಳೂರಿನವರು ಹೆಚ್ಚಾಗಿ ಹೇಳುವ ದೂರು. ಓಡುವಾಗ ಕಂಡೆನ್ಸರಿಗೆ ಗಾಳಿ ತಾನಾಗಿ ಸಿಗುತ್ತದೆ, ನಿಂತಾಗ ಫ್ಯಾನಿನಿಂದಲೇ ಸಿಗಬೇಕು. ಬಾನೆಟ್ ಎತ್ತಿ, ಏಸಿ ಹಾಕಿಸಿ, ಫ್ಯಾನು ತಿರುಗುತ್ತದೆಯೇ ದೂರದಿಂದ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರು ಈ ಮೂರರಲ್ಲೊಂದು. ಇದನ್ನು ಬಿಟ್ಟರೆ ಎಂಜಿನ್ ಕೂಡ ಕಾಯುತ್ತದೆ. ಫ್ಯಾನು ಸರಿಯಾಗಿದ್ದರೆ ಕಂಡೆನ್ಸರಿನ ಧೂಳನ್ನೇ ಅನುಮಾನಿಸಿ.

ಹೊರಟಾಗ ಚೆನ್ನಾಗಿದ್ದು, ಗಂಟೆಯ ಮೇಲೆ ಗಾಳಿಯೇ ಕಡಿಮೆಯಾಗಿ, ಸ್ವಲ್ಪ ಆರಿಸಿ ಹಾಕಿದರೆ ಮತ್ತೆ ಸರಿಯಾಗುತ್ತದೆಯೇ? ಇವ್ಯಾಪೊರೇಟರ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಫಿಲ್ಟರ್ ಕಟ್ಟಿದ್ದರೂ, ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದ್ದರೂ, ಗ್ಯಾಸ್ ಕಡಿಮೆಯಿದ್ದರೂ ಹೀಗಾಗುತ್ತದೆ. ಮೊದಲು ಫಿಲ್ಟರ್ ನೋಡಿ, ಅದಕ್ಕೆ ಖರ್ಚು ಕಡಿಮೆ.

ಬ್ಲೋವರ್ ಒಂದು, ಎರಡು, ಮೂರರಲ್ಲಿ ಸುಮ್ಮನಿದ್ದು ನಾಲ್ಕರಲ್ಲಿ ಮಾತ್ರ ಓಡಿದರೆ ಅದರ ರೆಸಿಸ್ಟರ್ ಸುಟ್ಟಿದೆ. ಚಿಕ್ಕ ಭಾಗ ಅದು, ಇದಕ್ಕಾಗಿ ಬ್ಲೋವರ್ ಮೋಟಾರನ್ನೇ ಬದಲಿಸಲು ಒಪ್ಪಬೇಡಿ. ಗಾಳಿ ಜೋರಾಗಿದ್ದೂ ತಂಪೇ ಇಲ್ಲವಾದರೆ ಏಸಿ ಬಟನ್ ಒತ್ತಿದಾಗ ಕಂಪ್ರೆಸರಿನ ಕಡೆಯಿಂದ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿ. ಬರದಿದ್ದರೆ ಕರೆಂಟಿನ ತೊಂದರೆ ಇರಬಹುದು, ಇಲ್ಲವೇ ಗ್ಯಾಸ್ ತೀರಾ ಕಡಿಮೆಯಾಗಿ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ತಡೆದಿರಬಹುದು. ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಆ ಸದ್ದೇ ಇರುವುದಿಲ್ಲ ಎಂಬುದೂ ನೆನಪಿರಲಿ.

ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದು ಗಾಳಿಯಿಂದ ಹಿಂಡಿದ ನೀರು. ಕೆಳಗೆ ತೊಟ್ಟಿಕ್ಕದೆ ಎಡಗಡೆಯ ಕಾಲಿನ ಜಾಗದ ಕಾರ್ಪೆಟ್ ಒದ್ದೆಯಾದರೆ ನೀರು ಹೋಗುವ ಸಣ್ಣ ಪೈಪು ಕಟ್ಟಿದೆ. ಆ ನೀರಿಗೆ ಸಿಹಿ ವಾಸನೆಯಿದ್ದು ಗಾಜಿನ ಮೇಲೆ ಜಿಡ್ಡಿನ ಮಂಜು ಕೂತರೆ ಅದು ಕೂಲೆಂಟ್, ಹೀಟರಿನಲ್ಲಿ ಸೋರಿಕೆ. ಓಡಿಸುವುದನ್ನು ನಿಲ್ಲಿಸಿ ತೋರಿಸಿ.

8. ಗ್ಯಾಸ್ ಅಂಗಡಿಯಲ್ಲಿ

ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಇದೆ. ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎಂಬುದು ಬರೆದಿರುತ್ತದೆ. ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ ಆರ್-134ಎ, ಕೆಲವು ಹೊಸ ಕಾರುಗಳಲ್ಲಿ ಆರ್-1234ವೈಎಫ್. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಸಣ್ಣ ಕಾರಿಗೆ ಬೇಕಾಗುವುದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಸ್ಟಿಕ್ಕರಿನ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

"ಸ್ವಲ್ಪ ಟಾಪ್‌ಅಪ್ ಮಾಡ್ತೀನಿ" ಎಂದರೆ ಬೇಡವೆನ್ನಿ. ಒಳಗೆ ಎಷ್ಟಿದೆ ಎಂದು ತಿಳಿಯದೆ ಮೇಲೆ ಸುರಿಯುವುದು ಊಹೆ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಕೆಟ್ಟದ್ದು. ಸರಿಯಾದ ಕ್ರಮ ಹೀಗಿದೆ. ಯಂತ್ರದಿಂದ ಹಳೆಯ ಗ್ಯಾಸ್ ಎಳೆದು ತೂಗಬೇಕು. ಎಷ್ಟು ಕಡಿಮೆಯಾಗಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಕಡಿಮೆಯಿದ್ದರೆ ಸೋರಿಕೆ ಹುಡುಕಬೇಕು: ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ನೋಡುವುದು, ಜೋಡಣೆಗಳಿಗೆ ಸಾಬೂನು ನೊರೆ ಹಚ್ಚುವುದು, ಇಲ್ಲವೇ ಬಣ್ಣ ಬಿಟ್ಟು ನೀಲಿ ದೀಪದಲ್ಲಿ ಹುಡುಕುವುದು. ಸೋರಿದ ಕಡೆ ಎಣ್ಣೆ ಜಿನುಗಿ ಧೂಳು ಅಂಟಿರುತ್ತದೆ, ನನ್ನ ಕಂಡೆನ್ಸರಿನಲ್ಲಿ ಕಂಡ ಹಾಗೆ. ರಿಪೇರಿಯಾದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಒಳಗಿನ ಗಾಳಿ, ತೇವ ತೆಗೆದು, ಒತ್ತಡದ ಮೀಟರಿನ ಮುಳ್ಳು ಅಲ್ಲೇ ನಿಲ್ಲುತ್ತದೆಯೇ ನೋಡಬೇಕು. ಆಮೇಲೆ ಸ್ಟಿಕ್ಕರಿನಲ್ಲಿದ್ದಷ್ಟೇ ಗ್ರಾಂ ತೂಗಿ ತುಂಬಬೇಕು, ಗ್ಯಾಸಿನ ಜೊತೆ ಹೊರಬಂದಷ್ಟು ಎಣ್ಣೆಯನ್ನೂ ಹಾಕಬೇಕು. ಇದಕ್ಕೆಲ್ಲ ಎರಡು ಗಂಟೆಯಾದರೂ ಬೇಕು. ಹದಿನೈದು ನಿಮಿಷದಲ್ಲಿ ಮುಗಿಸಿ ಕಳಿಸುವ ಕಡೆ ಹೋಗಬೇಡಿ.

ಹಳೆಯ ಗ್ಯಾಸನ್ನು ಪಿನ್ ಒತ್ತಿ ಬುಸ್ಸೆಂದು ಗಾಳಿಗೆ ಬಿಡುವುದನ್ನು ಕಂಡರೆ ತಡೆಯಿರಿ. ತೂಕಕ್ಕೆ ತೂಕ ಹೋಲಿಸಿದರೆ ಆರ್-134ಎ ಭೂಮಿಯನ್ನು ಕಾಯಿಸುವುದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತವೂ 2021ರಲ್ಲಿ ಅನುಮೋದಿಸಿದೆ. ಅರ್ಧ ಕಿಲೋ ಎಂದರೆ ಸಣ್ಣದೆನಿಸುತ್ತದೆ, ಆದರೆ ಪ್ರತಿ ಬೇಸಿಗೆ ಪ್ರತಿ ಊರಿನಲ್ಲಿ ಹೀಗೆ ಎಷ್ಟು ಅರ್ಧ ಕಿಲೋಗಳು ಹೋಗುತ್ತವೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ನನ್ನ ಕಾರಿನಿಂದಲೇ ಎರಡು ವರ್ಷ ಹೋಗಿದೆ.

9. ಮಳೆ ಬಂದ ಮೇಲೆ

ಜೂನ್‌ನಲ್ಲಿ ನಾಲ್ಕು ಹನಿ ಬಿದ್ದ ಕೂಡಲೇ ಏಸಿ ಮರೆತು, ಮತ್ತೆ ಮುಟ್ಟುವುದು ಮುಂದಿನ ಮಾರ್ಚಿಗೆ ಎಂಬಂತಾಗಬಾರದು. ಕಂಪ್ರೆಸರಿನ ಸೀಲುಗಳು ಗ್ಯಾಸಿನ ಜೊತೆ ಸುತ್ತುವ ಎಣ್ಣೆಯಿಂದಲೇ ಮೆದುವಾಗಿರುತ್ತವೆ. ತಿಂಗಳುಗಟ್ಟಲೆ ನಿಂತರೆ ಒಣಗಿ ಸೋರಲು ಶುರುವಾಗುತ್ತದೆ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಹಾಕಿ. ಮಳೆಯಲ್ಲಿ ಮಂಜು ಹಿಡಿದ ಮುಂದಿನ ಗಾಜನ್ನು ಬಟ್ಟೆಯಿಂದ ಒರೆಸುವ ಬದಲು ಗಾಜಿನ ಕಡೆಗೆ ಏಸಿ ಗಾಳಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ, ವಾರದ ಹತ್ತು ನಿಮಿಷವೂ ಅದರಲ್ಲೇ ಮುಗಿಯುತ್ತದೆ.